ಪಹಣಿಯ 11ನೇ ಕಲಂನಲ್ಲಿ ಕೂತ ಒಂದು ಸಾಲು: ಭೂಸ್ವಾಧೀನದ ದಾಖಲೆ ಕಂಪ್ಯೂಟರಿಗೆ ಹೋದ ಮೇಲೆ ಏನಾಯ್ತು?

ಹೊಂಗೆ ನೆರಳು
ಭಾನುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನಿರೋದು ಬೆಂಗಳೂರಿನ ವಿಜಯನಗರ, ಊರು ಯಲಹಂಕ ದಾಟಿದ ಮೇಲೆ. ಅಪ್ಪನ ಹೆಸರಲ್ಲಿ 2 ಎಕರೆ 14 ಗುಂಟೆ ಇತ್ತು. 2006ರಲ್ಲಿ ರಸ್ತೆಗೆ ಅಂತ ಅದರಲ್ಲಿ 31 ಗುಂಟೆ ತಗೊಂಡರು. ಉಳಿದದ್ದರಲ್ಲಿ ಅಪ್ಪ ಕೊನೆವರೆಗೂ ರಾಗಿ, ಅವರೆ ಬೆಳೆದರು.

ಈ ವರ್ಷ ಅಪ್ಪ ತೀರಿಕೊಂಡರು. ಪೌತಿ ಖಾತೆ, ಅಂದರೆ ಜಮೀನು ವಾರಸುದಾರರ ಹೆಸರಿಗೆ, ಮಾಡಿಸೋಣ ಅಂತ ಅಮ್ಮನನ್ನು ಕರೆದುಕೊಂಡು ನಾಡಕಚೇರಿಗೆ ಹೋಗಿ ಪಹಣಿ ತೆಗೆಸಿದೆ. 9ನೇ ಕಲಂನಲ್ಲಿ ಅಪ್ಪನ ಹೆಸರು, ಪೂರ್ತಿ 2 ಎಕರೆ 14 ಗುಂಟೆ. ಹಕ್ಕು, ಋಣ ಬರೆಯುವ 11ನೇ ಕಲಂನಲ್ಲಿ ಒಂದೇ ಸಾಲು: 'ಭೂಸ್ವಾಧೀನಕ್ಕೆ ಒಳಪಟ್ಟಿದೆ'. ಎಷ್ಟು ಗುಂಟೆ ಅಂತ ಇಲ್ಲ. ಯಾವ ಅಧಿಸೂಚನೆ, ಯಾವ ತಾರೀಕು, ಜಮೀನಿನ ಯಾವ ಪಕ್ಕ, ಏನೂ ಇಲ್ಲ. 'ಮೊದಲು ಇದನ್ನ ಬಗೆಹರಿಸಿಕೊಂಡು ಬನ್ನಿ' ಅಂದರು.

ಸ್ವಾಧೀನ ಮಾಡಿದ ಕಚೇರಿಗೆ ಹೋದೆ. ಹೆಸರು ಬೇಡ. ಕಡತಗಳೆಲ್ಲ ಕಂಪ್ಯೂಟರಿಗೆ ಹೋಗಿವೆ, ಮೂಲ ಕಡತ ಯಾವ ಗೋದಾಮಿನಲ್ಲಿದೆಯೋ ಗೊತ್ತಿಲ್ಲ ಅಂದರು. ಕೈಗೆ ಕೊಟ್ಟಿದ್ದು 46 ಪುಟದ ಪಿಡಿಎಫ್. ಅರ್ಧ ಪುಟಗಳು ಅಡ್ಡಡ್ಡ. ಮಹಜರಿನ (ಸ್ಥಳದಲ್ಲೇ ಪಂಚರ ಮುಂದೆ ಬರೆದ ವರದಿ) ಪುಟ ಇದೆ, ಆದರೆ ಕೊನೆಯ ಸಾಲು 'ಸದರಿ ಜಮೀನಿನ ಪೂರ್ವ ಭಾಗದಲ್ಲಿ' ಅಂತ ಬಂದು ಅಲ್ಲಿಗೇ ನಿಂತಿದೆ. ಮುಂದಿನ ಪುಟ ಬೇರೆ ಯಾರೋ ರೈತರ ನೋಟಿಸು.

ಪರಿಹಾರದ ದುಡ್ಡೂ ಬಂದಿಲ್ಲ. ತಾತನ ಹೆಸರಿಗೂ ಅಪ್ಪನ ಹೆಸರಿಗೂ ಏನೋ ತಕರಾರಾಗಿ ಕೋರ್ಟಿನಲ್ಲಿ ಠೇವಣಿ ಇಟ್ಟಿದ್ದಾರೆ ಅಂತ ಅಪ್ಪ ಹೇಳ್ತಿದ್ದರು. ಅದರ ನಂಬರು ಅಪ್ಪನ ಜೊತೆಗೇ ಹೋಯ್ತು.

ಎಲ್ಲಿಂದ ಶುರು ಮಾಡಲಿ? ಇಷ್ಟೆಲ್ಲ ಗಣಕೀಕರಣ ಆದ ಮೇಲೂ ನಮ್ಮಂಥವರ ಜಮೀನಿಗೆ ಏನಾಯ್ತು ಅಂತ ಒಂದು ಕಡೆ ಯಾಕೆ ಸಿಗೋದಿಲ್ಲ? ಎರಡೂ ತಿಳಿಯಬೇಕಾಗಿದೆ.

ನಿರ್ವಾಹಕರು
ಭಾನುವಾರ, ರಾತ್ರಿ 9:58

ಯಾರೂ ಇಲ್ಲಿ ಸರ್ವೆ ನಂಬರು, ಆಧಾರ್, ಮನೆಯವರ ಹೆಸರು, ಕಚೇರಿಯವರ ಹೆಸರು ಹಾಕಬೇಡಿ. ಪಹಣಿಯ ಫೋಟೋ ಹಾಕೋದಾದರೆ ಹೆಸರು ಮುಚ್ಚಿ ಹಾಕಿ.

ಸಿವಿಲ್ ಕೋರ್ಟ್ ಮೆಟ್ಟಿಲು
ಭಾನುವಾರ, ರಾತ್ರಿ 10:35

ತಂದೆಯವರ ವಿಷಯ ಕೇಳಿ ಬೇಸರವಾಯ್ತು. ನಾನು ಭೂಸ್ವಾಧೀನದ ಕೇಸುಗಳನ್ನು ನಡೆಸುವ ವಕೀಲ. ಮೊದಲು ಒಂದು ಪ್ರಶ್ನೆ: ಯಾವ ಕಾಯ್ದೆಯಲ್ಲಿ ತಗೊಂಡಿದ್ದಾರೆ?

ಇದು ತಾಂತ್ರಿಕ ಪ್ರಶ್ನೆ ಅನ್ನಿಸಬಹುದು, ಆದರೆ ನಿಮ್ಮ ಹಕ್ಕು ನಿಂತಿರೋದೇ ಇದರ ಮೇಲೆ. ಬೆಂಗಳೂರಿನ ಸುತ್ತ ಒಂದೇ ಊರಲ್ಲಿ ನಾಲ್ಕೈದು ಕಾಯ್ದೆಗಳಲ್ಲಿ ಸ್ವಾಧೀನ ಆಗಿರುತ್ತೆ. 1894ರ ಹಳೆ ಭೂಸ್ವಾಧೀನ ಕಾಯ್ದೆ ಆದರೆ 4(1) ಪ್ರಾಥಮಿಕ ಅಧಿಸೂಚನೆ, 6(1) ಅಂತಿಮ. ಬಡಾವಣೆಗೆ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ತಗೊಂಡಿದ್ದರೆ 1976ರ ಬಿಡಿಎ ಕಾಯ್ದೆ, ಅಲ್ಲಿ 17 ಮತ್ತು 19. ಕೈಗಾರಿಕೆಗೆ ಅಂತಾದರೆ 1966ರ ಕೆಐಎಡಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ) ಕಾಯ್ದೆ, 28(1) ಮತ್ತು 28(4). ರಾಷ್ಟ್ರೀಯ ಹೆದ್ದಾರಿ ಆದರೆ ಹೆದ್ದಾರಿ ಕಾಯ್ದೆಯ 3ಎ, 3ಡಿ. 2014ರ ಜನವರಿ 1ರಿಂದ ಜಾರಿಗೆ ಬಂದ 2013ರ ಹೊಸ ಕಾಯ್ದೆಯಲ್ಲಿ 11 ಮತ್ತು 19.

ಕಾಯ್ದೆ ಬದಲಾದರೆ ಗಡುವೂ ಬದಲಾಗುತ್ತೆ. 1894ರ ಕಾಯ್ದೆಯ 11ಎ ಪ್ರಕಾರ ಅಂತಿಮ ಘೋಷಣೆ ಆದ 2 ವರ್ಷದೊಳಗೆ ಐತೀರ್ಪು (ಪರಿಹಾರ ನಿಗದಿ ಮಾಡುವ ಆದೇಶ) ಹೊರಡದಿದ್ದರೆ ಸ್ವಾಧೀನವೇ ಬಿದ್ದುಹೋಗುತ್ತೆ. ಬಿಡಿಎ, ಕೆಐಎಡಿ ಕಾಯ್ದೆಯ ಸ್ವಾಧೀನಕ್ಕೆ ಆ 11ಎ ಅನ್ವಯಿಸೋದಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಬಿಡಿಎ ಕಾಯ್ದೆಯಲ್ಲಿ 27ನೇ ಸೆಕ್ಷನ್ ಇದೆ, ಯೋಜನೆಯನ್ನು 5 ವರ್ಷದಲ್ಲಿ ಗಣನೀಯವಾಗಿ ಜಾರಿ ಮಾಡದಿದ್ದರೆ ಯೋಜನೆ ಲೋಪವಾಗುತ್ತೆ ಅಂತ. 'ಭೂಸ್ವಾಧೀನಕ್ಕೆ ಒಳಪಟ್ಟಿದೆ' ಅನ್ನುವ ಒಂದು ಸಾಲು ಇವೆಲ್ಲವನ್ನೂ ನುಂಗಿಬಿಡುತ್ತೆ. ಪಹಣಿಯಲ್ಲಿ ಕಾಯ್ದೆ, ಸೆಕ್ಷನ್, ರಾಜ್ಯಪತ್ರದ ತಾರೀಕು ಮೂರು ಇದ್ದಿದ್ದರೆ ನಿಮ್ಮ ತಂದೆಗೆ ಅವತ್ತೇ ಯಾರಾದರೂ ದಾರಿ ಹೇಳ್ತಿದ್ದರು.

ದುಡ್ಡಿನ ವಿಷಯ. ಹಳೆ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ, ಪರಿಹಾರ ಕೊಡದೆ ಅಥವಾ ಠೇವಣಿ ಇಡದೆ ಜಮೀನು ವಶಕ್ಕೆ ತಗೊಂಡಿದ್ದರೆ ವಶಕ್ಕೆ ತಗೊಂಡ ದಿನದಿಂದ ಮೊದಲ ವರ್ಷಕ್ಕೆ ಶೇ. 9, ಆಮೇಲೆ ಶೇ. 15 ಬಡ್ಡಿ. ಅದು ಠೇವಣಿ ಇಟ್ಟ ದಿನಕ್ಕೆ ನಿಲ್ಲುತ್ತೆ. ಹಾಗಾಗಿ ಎರಡು ತಾರೀಕು ಹುಡುಕಿ: ವಶಕ್ಕೆ ತಗೊಂಡ ದಿನ, ಠೇವಣಿ ಇಟ್ಟ ದಿನ. ಈ ನಡುವೆ ಎಷ್ಟು ವರ್ಷ ಇದೆಯೋ ಅಷ್ಟು ಬಡ್ಡಿ.

ಮಹಜರನ್ನು ಬಿಡಲೇಬೇಡಿ. ಇಂದೋರ್ ಅಭಿವೃದ್ಧಿ ಪ್ರಾಧಿಕಾರದ ಕೇಸಿನಲ್ಲಿ 2020ರ ಮಾರ್ಚ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಸ್ಥಳದಲ್ಲಿ ಪಂಚನಾಮೆ, ಅಂದರೆ ಮಹಜರು, ಬರೆದರೆ ಅದೇ ವಶಕ್ಕೆ ತಗೊಂಡ ಹಾಗೆ ಅಂದಿದೆ. ಅಂದ ಮೇಲೆ ಆ ಒಂದು ಹಾಳೆಯಲ್ಲಿ 31 ಗುಂಟೆ ಅಂತಿದೆಯೋ ಪೂರ್ತಿ ಜಮೀನು ಅಂತಿದೆಯೋ ಅನ್ನೋದೇ ನಿಮ್ಮ ಇಡೀ ಕೇಸು. ಕರ್ನಾಟಕದಲ್ಲಿ ಹಳೆ ಕಾಯ್ದೆಗೆ 16(2) ಅಂತ ಇನ್ನೊಂದಿದೆ, ವಶಕ್ಕೆ ತಗೊಂಡ ಸಂಗತಿಯನ್ನು ರಾಜ್ಯಪತ್ರದಲ್ಲಿ ಹಾಕೋದು. ಅದು ಪ್ರಕಟ ಆಗಿದೆಯಾ ಅಂತಲೂ ನೋಡಿ.

ರಾಗಿ ಕಣ
ಸೋಮವಾರ, ಬೆಳಿಗ್ಗೆ 6:12

ನಮ್ದೂ ಇದೇ ಕತೆ ಅಣ್ಣ. ನೋಟೀಸು ಬಂದು ಹದ್ನೆಂಟು ವರ್ಸ ಆಯ್ತು. ರಸ್ತೆನೂ ಬರ್ಲಿಲ್ಲ, ದುಡ್ಡೂ ಬರ್ಲಿಲ್ಲ, ಜಮೀನೂ ನಮ್ದು ಅನ್ನಂಗಿಲ್ಲ. ಬೋರ್ ಹಾಕ್ಸಕೆ ಸಾಲ ಕೇಳಕೋದ್ರೆ ಬ್ಯಾಂಕ್ನೋರು ಪಾಣಿ ನೋಡಿ 'ಇದ್ರಲ್ಲಿ ಸರ್ಕಾರದ್ದು ಎಂಟ್ರಿ ಐತೆ' ಅಂತ ವಾಪಸ್ ಕಳಿಸ್ತಾರೆ. ಮಗಳ ಮದ್ವೆಗೆ ಹತ್ತು ಗುಂಟೆ ಮಾರಾಣ ಅಂದ್ರೂ ಆಗಕಿಲ್ಲ. ಆ ಸಾಲು ಬರಿಯಾಕೆ ಒಂದು ಗಳಿಗೆ ಸಾಕಾಯ್ತು. ತೆಗಿಯಾಕೆ ಯಾರೂ ಇಲ್ಲ.

ಸಿವಿಲ್ ಕೋರ್ಟ್ ಮೆಟ್ಟಿಲು
ಸೋಮವಾರ, ಬೆಳಿಗ್ಗೆ 8:05

ಸಾವಿರಾರು ಜನ ಹೀಗಿದ್ದಾರೆ. ಪೆರಿಫೆರಲ್ ವರ್ತುಲ ರಸ್ತೆಯನ್ನೇ ತಗೊಳ್ಳಿ. ಪ್ರಾಥಮಿಕ ಅಧಿಸೂಚನೆ 2005ರಲ್ಲಿ, ಅಂತಿಮ 2007ರಲ್ಲಿ. ಈಗ ಹೆಸರು ಬೆಂಗಳೂರು ಬಿಸಿನೆಸ್ ಕಾರಿಡಾರ್ ಆಗಿದೆ. ಅಷ್ಟರಲ್ಲಿ ಒಂದು ತಲೆಮಾರೇ ಮುಗೀತು, ಪಹಣಿಯ ಆ ಸಾಲಿನ ಕೆಳಗೇ ಬದುಕಿದರು.

ಮಲ್ಲೇಶ್ವರ ಕೋಡರ್
ಸೋಮವಾರ, ಮಧ್ಯಾಹ್ನ 1:20

ಎರಡನೇ ಪ್ರಶ್ನೆಗೆ ನಾನು ಉತ್ತರ ಕೊಡಬಲ್ಲೆ. ಹಳೆ ಕಡತಗಳನ್ನು ಸ್ಕ್ಯಾನ್ ಮಾಡುವ ಗುತ್ತಿಗೆ ಕೆಲಸದಲ್ಲಿ ಮೂರು ವರ್ಷ ಇದ್ದೆ. ಊರು, ಕಚೇರಿ ಹೇಳೋದಿಲ್ಲ.

ಅಲ್ಲಿ ನಮಗೆ ಲೆಕ್ಕ ಪುಟಕ್ಕೆ. ದಿನಕ್ಕೆ ಇಷ್ಟು ಪುಟ ಆಗಬೇಕು. ಕಡತ ಬರುತ್ತೆ, ದಾರ ಬಿಚ್ಚಬೇಕು, ಪಿನ್ನು ಕೀಳಬೇಕು, ಗೆದ್ದಲು ತಿಂದ ಹಾಳೆ ಬಿಡಿಸಬೇಕು, ಯಂತ್ರಕ್ಕೆ ಕೊಡಬೇಕು. ಆಮೇಲೆ ಊರ ಹೆಸರು, ಸರ್ವೆ ನಂಬರು ಟೈಪ್ ಮಾಡಿ ಮುಗಿಸಬೇಕು. ಆ ಕಡತದಲ್ಲಿ ಎಷ್ಟು ರೈತರಿದ್ದಾರೆ, ಯಾರಿಗೆ ನೋಟಿಸು ಹೋಯ್ತು, ಯಾರದು ಹಿಂದಕ್ಕೆ ಬಂತು, ಇದನ್ನೆಲ್ಲ ಓದೋಕೆ ನಮಗೆ ಸಮಯವೂ ಇರಲಿಲ್ಲ, ಹಾಕೋಕೆ ಜಾಗವೂ ಇರಲಿಲ್ಲ. ನನ್ನ ಕೈಯಿಂದ ಹೋದ ಕಡತಗಳಲ್ಲಿ ನಿಮ್ಮಂಥವರದು ಎಷ್ಟಿದ್ದವೋ. ಆ ಯೋಚನೆ ಈಗಲೂ ಕಾಡುತ್ತೆ.

ಫೋಟೋ ತೆಗೆದರೆ ದಾಖಲೆ ಆಗೋದಿಲ್ಲ. ಪೆಟ್ಟಿಗೆಯೊಳಗಿನ ಗೊಂದಲ ಪರದೆಗೆ ಬರುತ್ತೆ, ಅಷ್ಟೆ. ಪಹಣಿಯನ್ನು ಕಂಪ್ಯೂಟರಿಗೆ ಹಾಕಿದ 'ಭೂಮಿ' ಯೋಜನೆಯಲ್ಲಿ ಹಾಗಾಗಲಿಲ್ಲ. ಪಹಣಿಯನ್ನು ಚಿತ್ರವಾಗಿ ಇಡಲಿಲ್ಲ, ಒಂದೊಂದು ಕಲಮನ್ನೂ ಬಿಡಿಸಿ ಬರೆದರು. ಹೆಚ್ಚುಕಮ್ಮಿ 2 ಕೋಟಿ ಪಹಣಿ. 2002ರ ಹೊತ್ತಿಗೆ ಕೈಬರಹದ ಪಹಣಿಯೇ ನಿಂತುಹೋಯ್ತು. ಯಾರು ತಿದ್ದಿದರು ಅಂತ ತಿಳಿಯಲು ನೌಕರರ ಬೆರಳಚ್ಚು ಇಟ್ಟರು. ಸ್ವಾಧೀನದ ಕಡತಕ್ಕೆ ಆ ಭಾಗ್ಯ ಬರಲಿಲ್ಲ.

ನನ್ನ ಕೇಳಿದರೆ ಸ್ವಾಧೀನದ ದಾಖಲೆ ಒಂದು 'ಸ್ಥಿತಿ' ಆಗಿರಬಾರದು, ದಿನಚರಿ ಆಗಿರಬೇಕು. ಒಂದೊಂದು ಹೆಜ್ಜೆಗೂ ಒಂದು ಸಾಲು. ಈ ದಿನ, ಈ ಕಾಯ್ದೆಯ ಈ ಸೆಕ್ಷನ್, ಈ ರಾಜ್ಯಪತ್ರ, ಇಷ್ಟು ಗುಂಟೆ, ಈ ಚೆಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ), ಈ ಅಧಿಕಾರಿ. ತಪ್ಪಾದರೆ ಹಳೆ ಸಾಲು ಅಳಿಸಬಾರದು, ಕೆಳಗೆ ತಿದ್ದುಪಡಿಯ ಸಾಲು ಬರೆಯಬೇಕು. ಶಾನುಭೋಗರು ಹಾಗೇ ಮಾಡ್ತಿದ್ದರು, ಹಳೆಯದರ ಮೇಲೆ ಒಂದು ಗೆರೆ, ಪಕ್ಕದಲ್ಲಿ ಹೊಸದು, ಸಹಿ. ಗೆರೆಯ ಕೆಳಗಿನದನ್ನು ಇವತ್ತಿಗೂ ಓದಬಹುದು.

ದಿನಚರಿ ಯಾಕೆ ಬೇಕು ಅನ್ನೋಕೆ ಶಿವರಾಮ ಕಾರಂತ ಬಡಾವಣೆ ನೋಡಿ. 2008ರ ಡಿಸೆಂಬರ್ 30ಕ್ಕೆ ಪ್ರಾಥಮಿಕ ಅಧಿಸೂಚನೆ, 17 ಹಳ್ಳಿ, 3546 ಎಕರೆ. 2014ರಲ್ಲಿ ಹೈಕೋರ್ಟ್ ರದ್ದು ಮಾಡಿತು. 2018ರ ಆಗಸ್ಟ್ 3ರಂದು ಸುಪ್ರೀಂ ಕೋರ್ಟ್ ಆ ರದ್ದತಿಯನ್ನೇ ತೆಗೆದು ಮುಂದುವರಿಸಿ ಅಂದಿತು. ನಡುವಿನ ನಾಲ್ಕು ವರ್ಷದಲ್ಲಿ 'ಇದು ರದ್ದಾಗಿದೆ' ಅಂತ ನಂಬಿ ಸೈಟು ತಗೊಂಡವರು, ಮನೆ ಕಟ್ಟಿದವರು ಎಷ್ಟು ಜನ. ಕೊನೆಗೆ ಆ ಮನೆಗಳನ್ನು ಪರಿಶೀಲಿಸೋಕೆ ಸುಪ್ರೀಂ ಕೋರ್ಟೇ ನ್ಯಾಯಮೂರ್ತಿ ಎ.ವಿ. ಚಂದ್ರಶೇಖರ್ ಅವರ ಸಮಿತಿ ಮಾಡಬೇಕಾಯ್ತು. 'ಇದೆ' ಅಥವಾ 'ಇಲ್ಲ' ಅಂತ ಮಾತ್ರ ತೋರಿಸುವ ಒಂದು ಚೌಕದಲ್ಲಿ ಈ ಇತಿಹಾಸ ಹಿಡಿಸೋದಿಲ್ಲ. 2016ರ ಮಾರ್ಚಿನಲ್ಲಿ ಒಬ್ಬ ಕೇಳಿದ್ದರೆ 'ಹೈಕೋರ್ಟ್ ರದ್ದು ಮಾಡಿದೆ, ಮೇಲ್ಮನವಿಯ ಸ್ಥಿತಿ ಇದು' ಅನ್ನುವ ಉತ್ತರ ಪಹಣಿಯಿಂದಲೇ ಸಿಗಬೇಕಿತ್ತು.

ಇದು ಆಗದ ಕೆಲಸ ಅಲ್ಲ. ರಾಷ್ಟ್ರೀಯ ಹೆದ್ದಾರಿಗಳಿಗೆ 2018ರಿಂದ 'ಭೂಮಿ ರಾಶಿ' ಅಂತ ಪೋರ್ಟಲ್ ಇದೆ. ಅಧಿಸೂಚನೆಯ ಕರಡು ಅದರಲ್ಲೇ ಸಿದ್ಧವಾಗಿ ಹೋಗುತ್ತೆ, ಹಣವೂ ಅದಕ್ಕೆ ಜೋಡಿಸಿದ ಸರ್ಕಾರಿ ಪಾವತಿ ವ್ಯವಸ್ಥೆಯಿಂದ ಖಾತೆಗೆ ಹೋಗುತ್ತೆ. ಆದರೆ ಅದು ಹೆದ್ದಾರಿಗೆ ಮಾತ್ರ.

ಕನಕಪುರ ರಸ್ತೆ
ಸೋಮವಾರ, ಸಂಜೆ 7:15

ನಾನು ರೈತಳಲ್ಲ, 30×40 ಸೈಟು ತಗೊಂಡವಳು. ತಗೊಳ್ಳುವಾಗ 30 ವರ್ಷದ ಇಸಿ (ಋಣಭಾರ ಪತ್ರ) ತೆಗೆಸಿದೆವು, ನಿಲ್ ಬಂತು. ನಮ್ಮ ಯಜಮಾನರು ಅದನ್ನ ಫ್ರೇಮ್ ಹಾಕಿಸೋ ಹಾಗೆ ಜೋಪಾನ ಮಾಡಿದರು. ಎರಡು ವರ್ಷದ ಮೇಲೆ ಗೊತ್ತಾಯ್ತು, ಆ ಸರ್ವೆ ನಂಬರಿಗೆ ಎಷ್ಟೋ ಹಿಂದೆಯೇ ಸ್ವಾಧೀನದ ಅಧಿಸೂಚನೆ ಆಗಿತ್ತು. ಇಸಿಯಲ್ಲಿ ಯಾಕೆ ಬರಲಿಲ್ಲ?

ಸಿವಿಲ್ ಕೋರ್ಟ್ ಮೆಟ್ಟಿಲು
ಸೋಮವಾರ, ಸಂಜೆ 7:50

ಮೇಡಂ, ಇಸಿಯಲ್ಲಿ ಬರೋದು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಆದ ಪತ್ರಗಳು. ಕ್ರಯ, ಅಡಮಾನ, ದಾನ, ವಿಭಾಗ. ಸ್ವಾಧೀನದ ಅಧಿಸೂಚನೆ ನೋಂದಣಿ ಆಗುವ ಪತ್ರ ಅಲ್ಲ, ರಾಜ್ಯಪತ್ರದಲ್ಲಿ ಬರುವ ಆದೇಶ. ಇಸಿ ನಿಲ್ ಇದ್ದರೂ ಸ್ವಾಧೀನ ಇರಬಹುದು. ಇದನ್ನು ಬೆಂಗಳೂರಿನಲ್ಲಿ ಸೈಟು ತಗೊಳ್ಳುವ ಪ್ರತಿಯೊಬ್ಬರಿಗೂ ಹೇಳಬೇಕು. ಪಹಣಿ, ಮ್ಯುಟೇಶನ್ (ಖಾತೆ ಬದಲಾವಣೆಯ ದಾಖಲೆ), ಸ್ವಾಧೀನ ಮಾಡುವ ಪ್ರಾಧಿಕಾರಗಳಿಂದ ಬರಹದಲ್ಲಿ ಹಿಂಬರಹ, ಇವಿಲ್ಲದೆ ಮುಂಗಡ ಕೊಡಬೇಡಿ. 2013ರ ಕಾಯ್ದೆಯ 11(4)ರಲ್ಲಿ, ಪ್ರಾಥಮಿಕ ಅಧಿಸೂಚನೆ ಆದ ದಿನದಿಂದ ಜಿಲ್ಲಾಧಿಕಾರಿಯ ಅನುಮತಿ ಇಲ್ಲದೆ ಆ ಜಮೀನಿನ ವಹಿವಾಟೇ ಮಾಡಕೂಡದು ಅಂತ ಇದೆ. ಆ ನಿಷೇಧ ನೋಂದಣಿಯ ಕಾವೇರಿ ತಂತ್ರಾಂಶಕ್ಕೆ ಅದೇ ದಿನ ತಲುಪಿದರೆ ಮಾತ್ರ ಕೊಳ್ಳುವವರಿಗೆ ರಕ್ಷಣೆ.

ತವರಿನ ಹೊಲ
ಸೋಮವಾರ, ರಾತ್ರಿ 10:10

ಎಲ್ಲರೂ ಸರ್ವೆ ನಂಬರಿನ ಬಗ್ಗೆ ಮಾತಾಡ್ತಿದ್ದೀರಿ. ನಾನು ಜನರ ಬಗ್ಗೆ ಹೇಳಬೇಕು. ನಮ್ಮ ತವರಿನ ಜಮೀನು ಸ್ವಾಧೀನ ಆದಾಗ ನೋಟಿಸು ಬಂದಿದ್ದು ಪಹಣಿಯಲ್ಲಿ ಹೆಸರಿದ್ದ ದೊಡ್ಡಣ್ಣನಿಗೆ. ನಾವು ಮೂವರು ಹೆಣ್ಣುಮಕ್ಕಳಿಗೆ ಗೊತ್ತಾಗಿದ್ದು ಪರಿಹಾರ ಹಂಚಿಕೆ ಆದ ಮೇಲೆ. ಕರ್ನಾಟಕದಲ್ಲಿ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಬಂತು, ಇಡೀ ದೇಶಕ್ಕೆ 2005ರಲ್ಲಿ. ಅಪ್ಪ ಬದುಕಿರಲಿ ಇಲ್ಲದಿರಲಿ ಆ ಹಕ್ಕು ಹುಟ್ಟಿನಿಂದಲೇ ಇದೆ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಪಹಣಿಗೆ ಮಾತ್ರ ಇದು ಇನ್ನೂ ಗೊತ್ತಿಲ್ಲ.

ತಪ್ಪಾಗಿರುವುದನ್ನು ಕಂಪ್ಯೂಟರಿಗೆ ಹಾಕಿದರೆ ತಪ್ಪು ಇನ್ನೂ ಗಟ್ಟಿಯಾಗುತ್ತೆ. ಕೈಬರಹದಲ್ಲಿದ್ದಾಗ 'ಇದು ಸರಿ ಇಲ್ಲ' ಅಂದರೆ ಒಬ್ಬ ಮನುಷ್ಯ ಕೇಳಿಸಿಕೊಳ್ತಿದ್ದ. ಈಗ 'ಸಿಸ್ಟಮ್ಮಲ್ಲಿ ಹೀಗೇ ಇದೆ ಅಮ್ಮ' ಅಂತಾರೆ. ಆಮೇಲೆ ಯಾರ ಹತ್ತಿರ ಹೋಗೋದು?

ಪೌತಿ ಆಗದೆ ಸತ್ತವರ ಹೆಸರಲ್ಲೇ ಇರುವ ಜಮೀನಿಗೆ ನೋಟಿಸು ಯಾರಿಗೆ ಹೋಗುತ್ತೆ, ಅದನ್ನೂ ಯೋಚಿಸಿ.

ಸಿವಿಲ್ ಕೋರ್ಟ್ ಮೆಟ್ಟಿಲು
ಸೋಮವಾರ, ರಾತ್ರಿ 10:40

ಅಕ್ಕ, ನೀವು ಹೇಳಿದ್ದಕ್ಕೆ ಕಾನೂನಿನಲ್ಲೇ ಜಾಗ ಇದೆ. 2013ರ ಕಾಯ್ದೆಯ 11(5): ಪ್ರಾಥಮಿಕ ಅಧಿಸೂಚನೆ ಆದ ಮೇಲೆ, ಅಂತಿಮ ಘೋಷಣೆಗೆ ಮುಂಚೆ, ಜಮೀನಿನ ದಾಖಲೆಗಳನ್ನು 2 ತಿಂಗಳಲ್ಲಿ ಪರಿಷ್ಕರಿಸಿ ಮುಗಿಸಬೇಕು. ಪೌತಿ ಆಗದ್ದು, ವಿಭಾಗ ಆಗದ್ದು, ಪೋಡಿ (ಅಳೆದು ಬೇರೆ ಹಿಸ್ಸಾ ಮಾಡೋದು) ಆಗದ್ದು ಎಲ್ಲ ಆಗ ಆಗಬೇಕು. ಈ ಎರಡು ತಿಂಗಳ ಕೆಲಸ ಮನೆಬಾಗಿಲಿಗೆ ಹೋಗಿ ಸರಿಯಾಗಿ ನಡೆದರೆ ಮುಂದಿನ ಇಪ್ಪತ್ತು ವರ್ಷದ ಕೋರ್ಟು ಅಲೆದಾಟ ತಪ್ಪುತ್ತೆ. ನಿಮ್ಮ ಊರಲ್ಲಿ ಹೊಸ ಅಧಿಸೂಚನೆ ಬಂದರೆ ಗ್ರಾಮಸಭೆಯಲ್ಲಿ ಈ ಸೆಕ್ಷನ್ ಹೆಸರು ಹೇಳಿಯೇ ಕೇಳಿ.

ಇದೇ ಕಾಯ್ದೆಯ 37(3)ರ ಪ್ರಕಾರ, ಇಡೀ ನಡವಳಿಯ ಸಾರಾಂಶ, ಒಬ್ಬೊಬ್ಬರಿಗೆ ಎಷ್ಟು ಪರಿಹಾರ ಅನ್ನೋದೂ ಸೇರಿ, ವೆಬ್‌ಸೈಟಿನಲ್ಲಿ ಜನರಿಗೆ ಕಾಣುವಂತೆ ಇಡಬೇಕು. ಹಾಗಿದ್ದಿದ್ದರೆ ಮೂವರು ತಂಗಿಯರಿಗೆ ಅಣ್ಣನೇ ಹೇಳಬೇಕು ಅಂತಿರಲಿಲ್ಲ.

ದೊಮ್ಮಲೂರು ಹಳಬ
ಮಂಗಳವಾರ, ಬೆಳಿಗ್ಗೆ 7:30

ಇದಕ್ಕೆ ನನ್ನ ವಿರೋಧ ಇದೆ, ಕ್ಷಮಿಸಿ. ನಮ್ಮ ಭಾವನ ಊರಲ್ಲಿ ಪರಿಹಾರದ ಪಟ್ಟಿ ಹೊರಗೆ ಬಿದ್ದ ವಾರದಲ್ಲೇ ಬಾಗಿಲಿಗೆ ಜನ ಬಂದರು. ಚಿಟ್ ಫಂಡಿನವರು, ಕಾರಿನವರು, ದೂರದ ನೆಂಟರು, 'ಹೆಚ್ಚು ಪರಿಹಾರ ಕೊಡಿಸ್ತೀವಿ, ಅರ್ಧ ನಮಗೆ' ಅನ್ನೋ ದಲ್ಲಾಳಿಗಳು. ದುಡ್ಡು ಆರು ತಿಂಗಳು ನಿಲ್ಲಲಿಲ್ಲ. ಓದಿದವರಿಗೆ ಪಾರದರ್ಶಕತೆ ಅಂದರೆ ಒಳ್ಳೇದೇ. ಮೊದಲ ಸಲ ಕೋಟಿ ಕಂಡ ರೈತನ ಹೆಸರು, ಮೊತ್ತ, ಊರು ಒಂದೇ ಸಾಲಲ್ಲಿ ಜಗತ್ತಿಗೆ ತೋರಿಸೋದು ಅವನ ಮನೆಬಾಗಿಲು ತೆರೆದಿಟ್ಟ ಹಾಗೆ.

ತವರಿನ ಹೊಲ
ಮಂಗಳವಾರ, ಬೆಳಿಗ್ಗೆ 9:00

ನಿಮ್ಮ ಭಾವನವರ ಕಷ್ಟ ಅರ್ಥವಾಗುತ್ತೆ ಸಾರ್. ಆದರೆ ಮುಚ್ಚಿಟ್ಟರೆ ಯಾರಿಗೆ ಲಾಭ ಆಗುತ್ತೆ ಅನ್ನೋದನ್ನ ನಾನು ನೋಡಿದ್ದೀನಿ. ದಲ್ಲಾಳಿಗೆ ಪಟ್ಟಿ ವೆಬ್‌ಸೈಟಿಲ್ಲದೆಯೂ ಸಿಗುತ್ತೆ. ಸಿಗದೇ ಇದ್ದಿದ್ದು ನಮಗೆ.

ಮಲ್ಲೇಶ್ವರ ಕೋಡರ್
ಮಂಗಳವಾರ, ಬೆಳಿಗ್ಗೆ 11:45

ಆಧಾರ್, ಬ್ಯಾಂಕ್ ಖಾತೆ, ಫೋನ್ ನಂಬರು ಯಾವತ್ತೂ ಹೊರಗೆ ಬರಬಾರದು, ಅದರಲ್ಲಿ ಎರಡು ಮಾತಿಲ್ಲ. ಯಾರು ಯಾವಾಗ ಯಾರ ದಾಖಲೆ ತೆಗೆದು ನೋಡಿದರು ಅನ್ನೋದೂ ಬರೆದಿರಬೇಕು, ಜಮೀನಿನವರು ಕೇಳಿದರೆ ತೋರಿಸಬೇಕು. ಹೆಸರು, ಮೊತ್ತದ ವಿಷಯದಲ್ಲಿ ಮಾತ್ರ ನಾನು ಅಕ್ಕನ ಕಡೆ.

ಚೈನು ಮೋಜಣಿ
ಮಂಗಳವಾರ, ರಾತ್ರಿ 8:20

ನಾನು ಸರ್ವೆ ಇಲಾಖೆಯಲ್ಲಿ 34 ವರ್ಷ ಇದ್ದು ನಿವೃತ್ತನಾದವನು. ಇಷ್ಟು ಹೊತ್ತು ಓದಿದೆ. ನಕ್ಷೆಯ ಬಗ್ಗೆ ಯಾರೂ ಹೇಳಲಿಲ್ಲ.

ಹೊಂಗೆ ನೆರಳು ಅವರೇ, ನಿಮ್ಮ 2 ಎಕರೆ 14 ಗುಂಟೆ ಅಂದರೆ 94 ಗುಂಟೆ. 31 ಹೋದರೆ 63, ಅಂದರೆ 1 ಎಕರೆ 23 ಗುಂಟೆ ನಿಮಗೆ ಉಳಿಯಬೇಕು. ಕಾಗದದ ಮೇಲೆ ಇಷ್ಟೆ. ನೆಲದ ಮೇಲೆ ಆ 31 ಗುಂಟೆ ಎಲ್ಲಿದೆ ಅನ್ನೋದು ಪಹಣಿಯಲ್ಲಿ ಯಾವತ್ತೂ ಇರೋದಿಲ್ಲ. ಅದು ಇರೋದು ಜಂಟಿ ಅಳತೆಯ ನಕ್ಷೆಯಲ್ಲಿ. ಸ್ವಾಧೀನಕ್ಕೆ ಮುಂಚೆ ನಮ್ಮವರು, ತಗೊಳ್ಳುವ ಕಚೇರಿಯವರು ಒಟ್ಟಿಗೆ ಹೋಗಿ ಅಳೆದಿರುತ್ತಾರೆ. ಅದರ ಪ್ರತಿ ಸ್ವಾಧೀನದ ಕಡತದಲ್ಲಿ ಇಲ್ಲದಿದ್ದರೂ ತಾಲ್ಲೂಕು ಸರ್ವೆ ಕಚೇರಿಯಲ್ಲಿ ಇರಬಹುದು. ಎರಡೂ ಕಡೆ ಕೇಳಿ. ಜೊತೆಗೆ ಮೂಲ ಟಿಪ್ಪಣಿ (ಮೊದಲ ಅಳತೆಯ ಕೈನಕ್ಷೆ) ಮತ್ತು ಆಕಾರಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯದ ಪಟ್ಟಿ) ನಕಲು ತಗೊಳ್ಳಿ. ಆಕಾರಬಂದಿನ ವಿಸ್ತೀರ್ಣಕ್ಕೂ ಪಹಣಿಯ ವಿಸ್ತೀರ್ಣಕ್ಕೂ ತಾಳೆ ಆಗುತ್ತಾ ನೋಡಿ. ಎಷ್ಟೋ ಊರಲ್ಲಿ ಪಹಣಿಯಲ್ಲಿ ಹಂಚಿದ ಗುಂಟೆಗಳನ್ನೆಲ್ಲ ಕೂಡಿದರೆ ನೆಲಕ್ಕಿಂತ ಜಾಸ್ತಿ ಬರುತ್ತೆ. 'ಪಿ' ನಂಬರಿನ ಜಮೀನುಗಳದ್ದಂತೂ ಇನ್ನೂ ಕಷ್ಟ. ಪೈಕಿ ಅಂತ ಬರೆದು ಮಂಜೂರು ಮಾಡಿದರು, ಅಳೆದು ಗಡಿ ಹಾಕಲಿಲ್ಲ. ಅಂಥ ನಂಬರನ್ನು ಸ್ವಾಧೀನ ಮಾಡಿದರೆ ಯಾರ ಜಮೀನು ಹೋಯ್ತು ಅಂತ ಹೇಳೋರು ಯಾರು?

ಈಗ ಫೋನಿನಲ್ಲಿ ದಿಶಾಂಕ್ ಆ್ಯಪ್ ತೆರೆದು ನಿಂತ ಜಾಗದ ಸರ್ವೆ ನಂಬರು ನೋಡ್ತಾರೆ. ಒಳ್ಳೆಯದು, ಅಂದಾಜಿಗೆ. ಗಡಿಗೆ ಅದನ್ನು ನಂಬಬೇಡಿ. ಗಡಿಗೆ ಕಲ್ಲು, ಟಿಪ್ಪಣಿ, ಅಳತೆ.

ನನ್ನ ಅಭಿಪ್ರಾಯದಲ್ಲಿ ಸ್ವಾಧೀನ ಆದ ದಿನವೇ ಪೋಡಿ ಆಗಬೇಕು. ಹೋದ 31 ಗುಂಟೆಗೆ ಬೇರೆ ಹಿಸ್ಸಾ ನಂಬರು, ಉಳಿದ 63ಕ್ಕೆ ಬೇರೆ. ಆಗ 11ನೇ ಕಲಂನ ಸಾಲು ಸರ್ಕಾರದ ಹಿಸ್ಸಾದ ಮೇಲೆ ಮಾತ್ರ ಕೂರುತ್ತೆ, ರೈತನ ಉಳಿದ ಜಮೀನು ಬಿಡುಗಡೆ. ಇದೊಂದು ಕೆಲಸ ಆಗದ್ದರಿಂದ ಎಷ್ಟು ಜನ ತಮ್ಮದೇ ಜಮೀನಿನಲ್ಲಿ ಕಳ್ಳರ ಹಾಗೆ ಬದುಕ್ತಿದ್ದಾರೆ ಅಂತ ನಾನು ಕಣ್ಣಾರೆ ಕಂಡಿದ್ದೇನೆ. ಕೆಲಸದಲ್ಲಿದ್ದಾಗ ಇನ್ನೂ ಜೋರಾಗಿ ಹೇಳಬೇಕಿತ್ತು.

ಇನ್ನೊಂದು. ನಿಮ್ಮ ಮಹಜರು 'ಪೂರ್ವ ಭಾಗದಲ್ಲಿ' ಅಂತ ನಿಂತುಹೋಗಿದೆ ಅಂದಿರಿ. ಆ ಕಾಲದಲ್ಲಿ ಮಹಜರನ್ನು ಒಂದೇ ಉದ್ದ ಹಾಳೆಯ ಎರಡೂ ಬದಿ ಬರೆಯುತ್ತಿದ್ದೆವು. ಮುಂಭಾಗದಲ್ಲಿ ವಿವರ. ಚೆಕ್ಕುಬಂದಿ, ಕೈನಕ್ಷೆ, ಪಂಚರ ಸಹಿ, ಹೆಬ್ಬೆಟ್ಟು ಎಲ್ಲ ಹಿಂಬದಿ. ಯಂತ್ರಕ್ಕೆ ಕೊಟ್ಟವರು ಹಾಳೆ ತಿರುಗಿಸಿದ್ದರಾ?

ಮಲ್ಲೇಶ್ವರ ಕೋಡರ್
ಮಂಗಳವಾರ, ರಾತ್ರಿ 8:41

ಸಾರ್... ನಮ್ಮಲ್ಲಿ ಎಷ್ಟೋ ಯಂತ್ರಗಳು ಒಂದು ಬದಿಯವು. ಹಿಂಬದಿ ಬರಹ ಇದ್ದರೆ ಕೈಯಲ್ಲಿ ತಿರುಗಿಸಬೇಕಿತ್ತು. ಪುಟದ ಲೆಕ್ಕದ ಅವಸರದಲ್ಲಿ ಎಷ್ಟು ಜನ ತಿರುಗಿಸಿದರು ಅಂತ ನಾನು ಪ್ರಮಾಣ ಮಾಡಲಾರೆ. ಹೊಂಗೆ ನೆರಳು, ಮೂಲ ಕಡತ ನೋಡಲೇಬೇಕು ನೀವು.

ಸಿವಿಲ್ ಕೋರ್ಟ್ ಮೆಟ್ಟಿಲು
ಮಂಗಳವಾರ, ರಾತ್ರಿ 9:15

ಮಾಹಿತಿ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕಿ. ನಕಲು ಕೊಡಿ ಅಂತ ಮಾತ್ರ ಕೇಳಿದರೆ ಅದೇ ಪಿಡಿಎಫ್ ಪ್ರಿಂಟ್ ಹಾಕಿ ಕೊಡ್ತಾರೆ. 2(ಜೆ) ಪ್ರಕಾರ ಮೂಲ ಕಡತವನ್ನು ಖುದ್ದು ಪರಿಶೀಲಿಸುವ ಹಕ್ಕು ನಿಮಗಿದೆ, ಅದನ್ನು ಸ್ಪಷ್ಟವಾಗಿ ಬರೆಯಿರಿ. 'ಮೂಲ ಕಡತದ ಪರಿಶೀಲನೆ, ಮಹಜರಿನ ಎರಡೂ ಬದಿಯ ದೃಢೀಕೃತ ನಕಲು, ಠೇವಣಿ ಇಟ್ಟ ಚಲನ್ ಮತ್ತು ಕೋರ್ಟಿನ ಪ್ರಕರಣ ಸಂಖ್ಯೆ.' 30 ದಿನದಲ್ಲಿ ಉತ್ತರ ಬರಬೇಕು.

ಮೂಲ ಕಾಗದದ ಬಗ್ಗೆ ಎಲ್ಲರಿಗೂ ಒಂದು ಮಾತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್‌ನಲ್ಲಿ, ವಿದ್ಯುನ್ಮಾನ ದಾಖಲೆಯನ್ನು ಕೋರ್ಟಿಗೆ ಕೊಡುವಾಗ ಪ್ರಮಾಣಪತ್ರ ಬೇಕು. ಅದರ ನಮೂನೆಯಲ್ಲಿ ಆ ಫೈಲಿನ ಹ್ಯಾಶ್ ಸಂಖ್ಯೆಯನ್ನೂ ಬರೆಯಬೇಕು. ಒಂದಕ್ಷರ ಬದಲಾದರೂ ಆ ಸಂಖ್ಯೆ ಬದಲಾಗುತ್ತೆ, ಹಾಗಾಗಿ ಫೈಲು ತಿದ್ದಿಲ್ಲ ಅಂತ ಅದರಿಂದ ಗೊತ್ತಾಗುತ್ತೆ. ಆದರೆ ಸ್ಕ್ಯಾನ್ ಮಾಡುವಾಗಲೇ ಹಿಂಬದಿ ಬಿಟ್ಟುಹೋಗಿದ್ದರೆ ಯಾವ ಹ್ಯಾಶ್ ಏನು ಮಾಡೀತು? ಆದ್ದರಿಂದ ಸ್ಕ್ಯಾನ್ ಆಯ್ತು ಅಂತ ಮೂಲ ಕಡತ ಹಾಳುಗೆಡವಬಾರದು.

ರಾಗಿ ಕಣ
ಬುಧವಾರ, ಬೆಳಿಗ್ಗೆ 6:30

ಚನ್ನರಾಯಪಟ್ಟಣ ಹೋಬಳಿ 1777 ಎಕರೆ ಕೈಬಿಡ್ತೀವಿ ಅಂತ ಮುಖ್ಯಮಂತ್ರಿಗಳು ಅಂದ್ರಲ್ಲ, ಅವತ್ತು ನಮ್ ಊರಲ್ಲೂ ಸಿಹಿ ಹಂಚಿದ್ರು. ಕೈಬಿಟ್ರೆ ಪಾಣಿನಾಗಿರೋದು ತಂತಾನೆ ಹೋಗ್ತದಾ?

ಸಿವಿಲ್ ಕೋರ್ಟ್ ಮೆಟ್ಟಿಲು
ಬುಧವಾರ, ಬೆಳಿಗ್ಗೆ 8:10

ಇಲ್ಲ ಅಣ್ಣ. ದೇವನಹಳ್ಳಿಯ ಆ 13 ಹಳ್ಳಿಯವರು 2022ರ ಏಪ್ರಿಲ್‌ನಿಂದ ಧರಣಿ ಕೂತು 2025ರ ಜುಲೈ 15ರಂದು ಆ ಮಾತು ಪಡೆದರು. ದೊಡ್ಡ ಗೆಲುವು ಅದು. ಆದರೆ ಯಾವ ಊರೇ ಆಗಲಿ, ಸಭೆಯಲ್ಲಿ ಹೇಳಿದ್ದು ಕಾನೂನಿನ ಕಣ್ಣಿಗೆ ಕಾಣೋದು ರಾಜ್ಯಪತ್ರದಲ್ಲಿ ಬಂದಾಗ. ಹಳೆ ಕಾಯ್ದೆಯಲ್ಲಿ ಕೈಬಿಡೋಕೆ 48ನೇ ಸೆಕ್ಷನ್, ಹೊಸದರಲ್ಲಿ 93. ರಾಜ್ಯಪತ್ರದಲ್ಲಿ ಬಂದ ಮೇಲೂ ಅದು ತಹಶೀಲ್ದಾರರಿಗೆ ಹೋಗಿ, ಮ್ಯುಟೇಶನ್ ಆಗಿ, 11ನೇ ಕಲಂ ಖಾಲಿ ಆಗಬೇಕು. ಅರ್ಕಾವತಿ ಬಡಾವಣೆಯಲ್ಲಿ 2003ರ ಪ್ರಾಥಮಿಕ ಅಧಿಸೂಚನೆಯಲ್ಲಿ 3339 ಎಕರೆ, 2004ರ ಅಂತಿಮ ಅಧಿಸೂಚನೆಯಲ್ಲಿ 2750. ಆಮೇಲೂ ಯಾವುದನ್ನು ಬಿಟ್ಟರು, ಯಾಕೆ ಬಿಟ್ಟರು ಅಂತ ವಿಚಾರಿಸೋಕೆ 2014ರಲ್ಲಿ ನ್ಯಾಯಮೂರ್ತಿ ಕೆಂಪಣ್ಣ ಆಯೋಗವೇ ಬೇಕಾಯ್ತು. ತಗೊಂಡದ್ದಕ್ಕೆ ಎಷ್ಟು ದಾಖಲೆ ಬೇಕೋ ಬಿಟ್ಟದ್ದಕ್ಕೆ ಅದಕ್ಕಿಂತ ಹೆಚ್ಚು ಬೇಕು.

ನೀವೂ ತಹಶೀಲ್ದಾರರಿಗೆ ಬರಹದಲ್ಲಿ ಅರ್ಜಿ ಕೊಡಿ, ಸ್ವೀಕೃತಿ ತಗೊಳ್ಳಿ. ಬಾಯಲ್ಲಿ ಕೇಳಬೇಡಿ. ಪತ್ರ ಬರೆಯೋಕೆ ಕಷ್ಟ ಆದರೆ ಇಲ್ಲಿ ಹೇಳಿ, ನಾನು ಬರೆದುಕೊಡ್ತೀನಿ, ದುಡ್ಡೇನೂ ಬೇಡ.

ಹೊಂಗೆ ನೆರಳು
ಐದು ವಾರದ ನಂತರ, ಶುಕ್ರವಾರ, ಸಂಜೆ 6:50

ತಡವಾಗಿ ಬರೀತಿದ್ದೀನಿ, ಕ್ಷಮಿಸಿ. ಅರ್ಜಿ ಹಾಕಿದ 26ನೇ ದಿನ ಕರೆದರು. ಮೂಲ ಕಡತ ಸಿಕ್ಕಿತು. ಗೋದಾಮಿನಲ್ಲಿ ಅದನ್ನು ಹುಡುಕಿ ಕೊಟ್ಟ ಗುಮಾಸ್ತರು ನಿವೃತ್ತಿಗೆ ಹತ್ತಿರ ಇರುವವರು, ಎರಡು ದಿನ ಧೂಳಲ್ಲಿ ಕೂತು ಹುಡುಕಿದ್ದಾರೆ. ಅವರಿಗೆ ನಾನು ಋಣಿ.

ಅಮ್ಮನೂ ಬಂದಿದ್ದರು. ಮಹಜರಿನ ಹಾಳೆ ತಿರುಗಿಸಿದೆ. ಚೈನು ಮೋಜಣಿ ಸಾರ್, ನೀವು ಹೇಳಿದ ಹಾಗೇ ಇತ್ತು. 'ಪೂರ್ವ ಭಾಗದಲ್ಲಿ 0-31 ಗುಂಟೆ ಮಾತ್ರ', ಕೆಳಗೆ ಚೆಕ್ಕುಬಂದಿ, ಪೆನ್ಸಿಲ್ಲಿನ ಕೈನಕ್ಷೆ, ಹುಣಸೆಮರ ಅಂತ ಗುರುತು, ಐವರು ಪಂಚರ ಸಹಿ, ಮೂಲೆಯಲ್ಲಿ ಅಪ್ಪನ ಸಹಿ. ಅಮ್ಮ ಆ ಸಹಿಯನ್ನ ಬೆರಳಲ್ಲಿ ಮುಟ್ಟಿ ನೋಡಿದರು. ನನಗೆ ಮಾತು ಹೊರಡಲಿಲ್ಲ.

ಎರಡೂ ಬದಿಯ ದೃಢೀಕೃತ ನಕಲು ಸಿಕ್ಕಿದೆ. ಕಾಯ್ದೆ 1894ರದ್ದೇ. ಠೇವಣಿಯ ಚಲನ್ ಸಿಕ್ಕಿತು, ವಶಕ್ಕೆ ತಗೊಂಡ ದಿನಕ್ಕೂ ಠೇವಣಿಯ ದಿನಕ್ಕೂ ನಡುವೆ 4 ವರ್ಷ 2 ತಿಂಗಳು ಇದೆ. ವಕೀಲ ಸಾರ್, ಬಡ್ಡಿಯ ಬಗ್ಗೆ ನಿಮಗೆ ಬೇರೆಯಾಗಿ ಬರೀತೀನಿ. ಅಪ್ಪನಿಗೆ ಇಬ್ಬರು ತಂಗಿಯರಿದ್ದಾರೆ. ಕೋರ್ಟಿನ ಅರ್ಜಿಯಲ್ಲಿ ಅತ್ತೆಯರ ಹೆಸರೂ ಹಾಕೋದು ಅಂತ ಅಮ್ಮನೇ ಹೇಳಿದರು. ತವರಿನ ಹೊಲ ಅಕ್ಕ, ನಿಮ್ಮ ಮಾತು ಅಮ್ಮನಿಗೆ ಓದಿ ಹೇಳಿದ್ದೆ.

ಪೋಡಿಗೆ ಅರ್ಜಿ ಕೊಟ್ಟಿದ್ದೀವಿ. ಬರುವ ಗುರುವಾರ ಭೂಮಾಪಕರು ಬರ್ತಾರೆ. ಹುಣಸೆಮರ ರಸ್ತೆಗೆ ಹೋಗಿ ಎಷ್ಟೋ ವರ್ಷ ಆಯ್ತು, ಆದರೆ ಅದು ಎಲ್ಲಿತ್ತು ಅಂತ ಅಮ್ಮನಿಗೆ ಗೊತ್ತು.

ಚೈನು ಮೋಜಣಿ
ಶುಕ್ರವಾರ, ರಾತ್ರಿ 7:35

ಗುರುವಾರ ಎಷ್ಟು ಹೊತ್ತಿಗೆ ಅಂತ ತಿಳಿಸಿ. ಯಲಹಂಕದವರೆಗೆ ಬಸ್ಸಿದೆ, ನಾನೂ ಬರ್ತೀನಿ. ಮೂಲ ಟಿಪ್ಪಣಿಯ ನಕಲು ಮರೀಬೇಡಿ. ಪಕ್ಕದ ಹಿಡುವಳಿದಾರರಿಗೆ ನೋಟಿಸು ಹೋಗಿದೆಯಾ ಅಂತ ಇವತ್ತೇ ವಿಚಾರಿಸಿ.

ರಾಗಿ ಕಣ
ಶನಿವಾರ, ಬೆಳಿಗ್ಗೆ 6:05

ನಮ್ ಪಿಡಿಎಫ್ ತೆಗ್ಸಿ ಮಗನ ಕೈಲಿ ಓದಿಸ್ದೆ. 17ನೇ ಹಾಳೆನೂ ಅರ್ಧ ಮಾತಿಗೇ ನಿಂತೈತೆ. ವಕೀಲ್ ಸಾರ್, ಆ ಅರ್ಜಿ ಬರ್ಕೊಡ್ತೀನಿ ಅಂದ್ರಲ್ಲ, ನಂಗೂ ಒಂದು ಬರ್ಕೊಡಿ.